ತಾರಸಿಯೊಳಗೆ ಮಲಗಿದ ಹಂಚು

ತಿರುವನಂತಪುರದಲ್ಲಿ ಮೂರು ದಿನ ಇದ್ದೆ. ದೇವಸ್ಥಾನ, ಕೋವಳಂ ಎಲ್ಲ ಆಯಿತು. ತಲೆಯಲ್ಲಿ ಉಳಿದದ್ದು ಮಾತ್ರ ಒಂದು ಕಾಫಿ ಹೌಸು, ಒಂದು ತಾರಸಿ.

ರೈಲ್ವೆ ಸ್ಟೇಷನ್ ಹತ್ತಿರ, ತಂಪಾನೂರಿನ ಇಂಡಿಯನ್ ಕಾಫಿ ಹೌಸ್ ಕಟ್ಟಿದ್ದು ವಾಸ್ತುಶಿಲ್ಪಿ ಲಾರಿ ಬೇಕರ್. ಒಳಗೆ ನೆಲವೇ ಚಕ್ಕುಲಿಯ ಹಾಗೆ ಸುತ್ತಿಕೊಂಡು ಮೇಲಕ್ಕೆ ಹೋಗುತ್ತದೆ. ಗೋಡೆ ತುಂಬ ಕಿಂಡಿಗಳು, ಅದರಿಂದ ಗಾಳಿ. ಟ್ರಾಲಿ ಬ್ಯಾಗ್ ಪಕ್ಕಕ್ಕಿಟ್ಟು ಕೂತೆ. ಅದು ಸದ್ದಿಲ್ಲದೆ ಇಳಿಜಾರು ಹಿಡಿದು, ಕೆಳಗೆ ಕೂತವರ ಕಾಲಿಗೆ ಬಡಿಯಿತು. ಅವರು ನೋಡಿದ ನೋಟ ಇನ್ನೂ ನೆನಪಿದೆ. ಬ್ಯಾಗನ್ನು ದಯವಿಟ್ಟು ಸ್ಟೇಷನ್ನಿನಲ್ಲೇ ಇಟ್ಟು ಹೋಗಿ. ಮಸಾಲೆ ದೋಸೆಯೊಳಗೆ ಬೀಟ್‌ರೂಟ್ ಪಲ್ಯ! ಕ್ಷಮಿಸಿ, ನನಗೆ ಸೇರಲಿಲ್ಲ.

ಉಳಿದುಕೊಂಡದ್ದು ಗೆಳೆಯನ ಮನೆಯಲ್ಲಿ. ಅದೂ ಬೇಕರ್ ಪದ್ಧತಿಯದ್ದೇ. ಗೋಡೆಗೆ ಗಾರೆ ಇಲ್ಲ. ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟಿದ್ದಾರೆ. ಇಟ್ಟಿಗೆಯೂ ಉಳಿತಾಯ, ಸೆಕೆಯೂ ಕಡಿಮೆ. ರಾತ್ರಿ ಮಲಗಿ ಮೇಲೆ ನೋಡಿದರೆ ಕಾಂಕ್ರೀಟಿನಲ್ಲಿ ಸಾಲು ಸಾಲು ಮಂಗಳೂರು ಹಂಚು!

ನಮ್ಮ ಪುತ್ತೂರಿನ ಮನೆ ಕೆಡವಿದಾಗ ಹಂಚನ್ನೆಲ್ಲ ಲಾರಿಯವನಿಗೆ ಸಿಕ್ಕಿದ ಬೆಲೆಗೆ ಕೊಟ್ಟಿದ್ದೆವು. ಈಗ ಅಲ್ಲಿರುವುದು ಮಟ್ಟಸ ತಾರಸಿ. ಏಪ್ರಿಲ್‌ನಲ್ಲಿ ಮನೆಯೊಳಗೆ ಕೂರಲಾಗುವುದಿಲ್ಲ.

ಮರುದಿನ ಕಾಂಪೌಂಡ್ ಗೋಡೆ ರಿಪೇರಿಗೆ ಒಬ್ಬರು ಮೇಸ್ತ್ರಿ ಬಂದರು. ಹಿಂದೆ ಮಂಗಳೂರಿನಲ್ಲಿ ಕೆಲಸ ಮಾಡಿದವರು, ಕನ್ನಡ ಬರುತ್ತಿತ್ತು.

"ಹಂಚನ್ನು ಯಾಕೆ ಒಳಗೆ ಹಾಕ್ತೀರಿ?" ಅಂದೆ.

"ತಾರಸಿ ಅಡಿಭಾಗದಲ್ಲಿ ಎಳೆತ ತಡೆಯೋದು ಕಬ್ಬಿಣ, ಸಾರ್. ಅಲ್ಲಿ ಕಾಂಕ್ರೀಟಿಗೆ ಜಾಸ್ತಿ ಕೆಲಸ ಇಲ್ಲ. ಸುಮ್ನೆ ಯಾಕೆ ತುಂಬಬೇಕು? ಹಂಚಿಟ್ಟರೆ ಸಿಮೆಂಟೂ ಉಳೀತದೆ, ಭಾರವೂ ಕಡಿಮೆ."

"ಹೊಸ ಹಂಚಾ?"

"ಹಳೇದು. ಮನೆ ಕೆಡವಿದವರು ಕೊಡ್ತಾರೆ. ಅವರಿಗೆ ಬೇಡ ಅಲ್ವಾ?"

ನನಗೆ ಮಾತು ಹೊರಡಲಿಲ್ಲ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು ಅಂತ ಊರಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಬೇಕರ್ ಬಂದು, ನಾವು ಬೇಡವೆಂದದ್ದನ್ನೇ ಕಾಂಕ್ರೀಟಿನೊಳಗೆ ಇಟ್ಟು ತೋರಿಸಬೇಕಾಯಿತು. ಹತ್ತಿರ ಸಿಗುವ ಸಾಮಾನಿನಲ್ಲೇ ಕಟ್ಟು ಅಂತ ಅವರಿಗೆ ಗಾಂಧೀಜಿ ಹೇಳಿದ್ದರಂತೆ. ನಮಗೂ ಅಜ್ಜ ಹೇಳಿದ್ದರು. ಕೇಳಿದವರು ಯಾರು?

ತಾರಸಿಯ ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ಕೂಡಲೇ ಫೋನ್ ಬಂತು.

"ಹಂಚನ್ನು ಹೀಗೆ ಮಟ್ಟಸ ಮಲಗಿಸಿದ್ರೆ ನೀರು ಸೋರೋದಿಲ್ವಾ ಮಾರಾಯಾ?"