ತಿನ್ನದ ಆಮೆ ಮರಿ ಬಂದರೆ ಮೊದಲು ಅದರ ಡಬ್ಬಿ ನೋಡುತ್ತೇನೆ

ಮೈಸೂರಿನ ನನ್ನ ಕ್ಲಿನಿಕ್‌ಗೆ ಬರುವುದು ಬಹುಪಾಲು ನಾಯಿ, ಬೆಕ್ಕು. ನಡುನಡುವೆ ಗಿಳಿ, ಮೊಲ. ಆಮೆ ಮರಿ ಬರುವುದು ಅಪರೂಪ. ಬಂದಾಗ ಮಾತ್ರ ದೂರು ಒಂದೇ: "ಏನೂ ತಿಂತಿಲ್ಲ ಮೇಡಂ." ಅದರ ಬೆನ್ನಿಗೇ ಇನ್ನೊಂದು ಮಾತು: "ಹಸಿವಾಗೋ ಹಾಗೆ ಒಂದು ಇಂಜೆಕ್ಷನ್ ಹಾಕ್ಬಿಡಿ."

ಆ ಎರಡನೇ ಮಾತಿಗೆ ಅವಸರದಲ್ಲಿ ಒಪ್ಪಬಾರದು ಎಂದು ಈ ಕೆಲಸ ನನಗೆ ಕಲಿಸಿದೆ. ಯಾರಾದರೂ ಆಮೆ ಮರಿ ತರುತ್ತೇವೆ ಎಂದು ಫೋನ್ ಮಾಡಿದರೆ ನಾನು ಕೇಳುವುದು, "ಅದನ್ನು ಎಲ್ಲಿ ಇಟ್ಟಿದ್ದೀರಿ? ಆ ಜಾಗದ ಒಂದು ಫೋಟೊ ಕಳಿಸಿ." ಡಬ್ಬಿಯೋ, ಟಬ್ಬೋ, ಗಾಜಿನ ತೊಟ್ಟಿಯೋ, ಇದ್ದದ್ದು ಇದ್ದ ಹಾಗೇ ಬೇಕು. ಫೋಟೊಗಾಗಿ ತೊಳೆದು ಒರೆಸುವುದು ಬೇಡ. ಎಷ್ಟೋ ಸಲ ಮರಿ ಯಾಕೆ ತಿನ್ನುತ್ತಿಲ್ಲ ಎನ್ನುವುದು ಆ ಫೋಟೊದಲ್ಲೇ ಕಾಣುತ್ತದೆ. ನಮ್ಮ ವೃತ್ತಿಗೆ ಹೊಸದಾಗಿ ಬಂದಿರುವ ಕಿರಿಯರಿಗೆ, ಮತ್ತು ಕೈಯಲ್ಲಿ ಆಮೆ ಮರಿ ಹಿಡಿದು ದಿಕ್ಕು ತೋಚದೆ ಕೂತವರಿಗೆ ಇದನ್ನು ಬರೆಯುತ್ತಿದ್ದೇನೆ.

ಆಮೆಗೆ ನಮ್ಮ ಹಾಗೆ ಮೈಯೊಳಗೇ ಬಿಸಿ ಹುಟ್ಟಿಸಿಕೊಳ್ಳಲು ಆಗುವುದಿಲ್ಲ. ಸುತ್ತಲಿನ ಬಿಸಿಯೇ ಅದರ ಬಿಸಿ. ನಮ್ಮಲ್ಲಿ ಹೆಚ್ಚಾಗಿ ಬರುವುದು ನೆಲದ ಮೇಲೆ ಬದುಕುವ ನಕ್ಷತ್ರ ಆಮೆ; ಅದರ ಮರಿಗೆ ಹಗಲಲ್ಲಿ ಸುಮಾರು 27ರಿಂದ 30 ಡಿಗ್ರಿ ಬೇಕು. ಮೈ ಕಾಯಿಸಿಕೊಳ್ಳಲು ಒಂದು ಮೂಲೆ 32-33 ಡಿಗ್ರಿ ಇರಬೇಕು. ಅದಕ್ಕಿಂತ ತಣ್ಣಗಾದರೆ ಹೊಟ್ಟೆಯ ಕೆಲಸ ನಿಧಾನವಾಗುತ್ತದೆ. ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ಹಸಿವು ಹೊರಟೇ ಹೋಗುತ್ತದೆ. ಮೈಸೂರಿನ ಡಿಸೆಂಬರ್, ಜನವರಿ ರಾತ್ರಿಗಳು 16-17 ಡಿಗ್ರಿಗೆ ಇಳಿಯುತ್ತವೆ, ಆಗ ಜನ ಹೇಗೋ ಹುಷಾರಾಗಿರುತ್ತಾರೆ. ಜುಲೈ, ಆಗಸ್ಟ್ ತಿಂಗಳ ಮೋಡ ಮಾತ್ರ ಯಾರ ಗಮನಕ್ಕೂ ಬರುವುದಿಲ್ಲ. ದಿನಗಟ್ಟಲೆ ಬಿಸಿಲಿಲ್ಲ, ನೆಲ ತಣ್ಣಗೆ, ಗಾಳಿಯಲ್ಲಿ ತೇವ. ನಮಗೆ ಹಿತವಾದ ಆ ಹವೆಯಲ್ಲೇ ಆಮೆ ಮರಿ ತಿನ್ನುವುದನ್ನು ಬಿಡುತ್ತದೆ.

ಅಂಥದೇ ಮಳೆಗಾಲದಲ್ಲಿ ಕುವೆಂಪುನಗರದಿಂದ ಒಬ್ಬರು ಅಜ್ಜಿ ಮೊಮ್ಮಗನ ಜೊತೆ ಬಂದರು. ಹುಡುಗನ ಅಂಗೈಯಲ್ಲಿ ಪುಟ್ಟ ಮರಿ. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು. ಮನೆಗೆ ಒಳ್ಳೆಯದಾಗುತ್ತದೆ ಎಂದು ನೆಂಟರೊಬ್ಬರು ಕೊಟ್ಟುಹೋಗಿದ್ದರಂತೆ. ಫೋಟೊದಲ್ಲಿ ಕಂಡದ್ದು ಮೀನಿನ ಗಾಜಿನ ತೊಟ್ಟಿ. ಕೆಳಗೆ ನೀರು, ನಡುವೆ ನುಣುಪಾದ ಒಂದು ಕಲ್ಲು, ತೇಲುತ್ತಿರುವ ಸೌತೆಕಾಯಿ ಹೋಳು, ಟೊಮೇಟೊ. ಹಿಂದಿನ ದಿನ ಹಾಲು ಅನ್ನವನ್ನೂ ಇಟ್ಟು ನೋಡಿದ್ದರು.

ಮರಿಯ ಕಾಲು ನೋಡಿದೆ. ಕಂಬದ ಹಾಗೆ ದಪ್ಪ, ಬೆರಳುಗಳ ನಡುವೆ ಚರ್ಮದ ಪರದೆ ಇಲ್ಲ. ಈಜುವ ಆಮೆಗೆ ಆ ಪರದೆ ಇರುತ್ತದೆ. ಇದು ನಕ್ಷತ್ರ ಆಮೆ. ನೆಲದ ಆಮೆಯನ್ನು ನೀರಲ್ಲಿ ನಿಲ್ಲಿಸಿದ್ದರು.

"ನೀರಿಲ್ದೆ ಆಮೆ ಇರುತ್ತಾ ಡಾಕ್ಟ್ರೇ?" ಎಂದರು ಅಜ್ಜಿ.

"ಇದು ಹೊಲದ ಬದುವಲ್ಲಿ, ಕುರುಚಲು ಕಾಡಲ್ಲಿ ಓಡಾಡೋ ಆಮೆ ಅಮ್ಮಾ. ನೀರು ಕುಡಿಯುತ್ತೆ, ಆದ್ರೆ ನೀರಲ್ಲಿ ಬದುಕಲ್ಲ."

ಅವರು ಪ್ರೀತಿಯಿಂದಲೇ ಇಟ್ಟಿದ್ದರು. ದಿನಾ ನೀರು ಬದಲಿಸುತ್ತಿದ್ದರು. ಅಂಥವರನ್ನು ಗದರಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ಗದರಿಸಿದರೆ ಮುಂದಿನ ಸಲ ತರುವುದೇ ಇಲ್ಲ, ಅಲ್ವಾ?

ಮರಿಯ ಕಣ್ಣು ಒಳಗೆ ಹೋಗಿತ್ತು. ಕುತ್ತಿಗೆಯ ಚರ್ಮ ಸಡಿಲ. ಮೂಗಿನಲ್ಲಿ ಸಿಂಬಳದ ಗುಳ್ಳೆ ಇರಲಿಲ್ಲ, ಬಾಯಿ ತೆರೆದು ಉಸಿರಾಡುತ್ತಿರಲಿಲ್ಲ. ಈ ಎರಡನ್ನು ನಾನು ತಪ್ಪದೆ ನೋಡುತ್ತೇನೆ. ಆಮೆಗೆ ನಮ್ಮ ಹಾಗೆ ವಪೆ (ಎದೆ ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ) ಇಲ್ಲ, ಕೆಮ್ಮಿ ಕಫ ಹೊರಹಾಕಲು ಬರುವುದಿಲ್ಲ. ಶ್ವಾಸಕೋಶಕ್ಕೆ ಸೋಂಕು ಇಳಿದರೆ ಒಳಗೇ ಉಳಿದು ಬೇಗ ಕೆಡುತ್ತದೆ. ಮೂಗಲ್ಲಿ ಗುಳ್ಳೆ, ತೆರೆದ ಬಾಯಿ, ಕತ್ತು ಚಾಚಿ ಉಸಿರೆಳೆಯುವುದು, ಊದಿದ ಕಣ್ಣು: ಇವುಗಳಲ್ಲಿ ಒಂದು ಕಂಡರೂ ಮನೆಮದ್ದಿನ ಮಾತೇ ಬೇಡ, ಅದೇ ದಿನ ವೈದ್ಯರ ಹತ್ತಿರ ಬನ್ನಿ. ಈ ಮರಿಗೆ ಅದ್ಯಾವುದೂ ಇರಲಿಲ್ಲ. ಚಳಿ ಮತ್ತು ಒಣಗಿದ ಮೈ, ಅಷ್ಟೇ. ನೀರಲ್ಲಿ ನಿಂತಿದ್ದ ಪ್ರಾಣಿ ಒಣಗುವುದು ಹೇಗೆ ಎಂದು ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ತಣ್ಣಗಾದ ಆಮೆ ತಿನ್ನುವುದನ್ನು ಬಿಟ್ಟ ಹಾಗೆ ಕುಡಿಯುವುದನ್ನೂ ಬಿಟ್ಟುಬಿಡುತ್ತದೆ.

ಇಲ್ಲಿ ಕ್ರಮ ತುಂಬಾ ಮುಖ್ಯ. ಮೊದಲು ಬಿಸಿ. ಆಮೇಲೆ ನೀರು. ಊಟ ಕೊನೆಗೆ. ತಣ್ಣಗಿರುವ ಮರಿಯ ಹೊಟ್ಟೆಗೆ ಬಲವಂತವಾಗಿ ಆಹಾರ ತುಂಬಿದರೆ ಅದು ಅರಗದೆ ಅಲ್ಲೇ ಕೊಳೆಯುತ್ತದೆ. ಹಸಿದಿದೆ ಪಾಪ ಎಂದು ಊಟದಿಂದ ಶುರು ಮಾಡುವುದು ಎಲ್ಲರಿಗೂ ಸಹಜ. ವೈದ್ಯರಿಗೂ ಸಹಜ. ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಅರಣ್ಯ ಇಲಾಖೆಗೆ ತಿಳಿಸಿ, ಅವರ ಒಪ್ಪಿಗೆಯ ಮೇಲೆ ಮರಿ ಚೇತರಿಸಿಕೊಳ್ಳುವವರೆಗೆ ನಮ್ಮಲ್ಲೇ ಇಟ್ಟುಕೊಂಡೆವು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ನನ್ನ ಸಹಾಯಕ ಮಂಡ್ಯ ಕಡೆಯ ಹುಡುಗ. ಹೇಗೆ ಬಿಸಿ ಕೊಡಬೇಕು ಎಂದು ವಿವರಿಸಲು ಹೊರಟರೆ ಅವನೇ, "ಕೋಳಿ ಮರಿಗೆ ಬಲ್ಬ್ ಹಾಕ್ತೀವಲ್ಲ, ಹಂಗೇ ತಾನೇ ಮೇಡಂ?" ಎಂದ. ಹಾಗೇ. ಅಗಲವಾದ ಒಂದು ಪ್ಲಾಸ್ಟಿಕ್ ಡಬ್ಬಿ, ಮುಚ್ಚಳ ಇಲ್ಲ. ಒಂದು ತುದಿಯ ಮೇಲೆ ಬಲ್ಬ್, ಇನ್ನೊಂದು ತುದಿ ತಂಪು. ಸೆಕೆ ಅನ್ನಿಸಿದರೆ ಮರಿ ತಾನೇ ಆಚೆ ಸರಿಯಬೇಕು. ಡಬ್ಬಿ ಪೂರ್ತಿ ಕಾಯಿಸಿದರೆ ಬೆಂದುಹೋಗುತ್ತದೆ. ಎಲ್‌ಇಡಿ ಬಲ್ಬ್ ಇದಕ್ಕೆ ಬರುವುದಿಲ್ಲ, ಅದು ಬಿಸಿ ಕೊಡುವುದಿಲ್ಲ. ಕೈಯಿಟ್ಟು ಅಂದಾಜು ಮಾಡುವುದೂ ಬೇಡ. ಮರಿಯ ಬೆನ್ನಿನ ಎತ್ತರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. ತಂಪು ತುದಿಯಲ್ಲಿ ಅಡಗಲು ಒಂದು ಜಾಗ ಇರಲಿ, ಅಲ್ಲಿ ಸ್ವಲ್ಪ ತೇವವೂ ಇರಲಿ. ದೊಡ್ಡ ನಕ್ಷತ್ರ ಆಮೆ ಒಣ ನಾಡಿನದಾದರೂ ಮರಿಗಳು ಮೊಟ್ಟೆ ಒಡೆದು ಬರುವುದು ಮಳೆಗಾಲದ ತೇವದಲ್ಲಿ.

ಮೈ ಬೆಚ್ಚಗಾದ ಮೇಲೆ ನೀರು. ಅಗಲವಾದ ತಟ್ಟೆಯಲ್ಲಿ ಉಗುರು ಬೆಚ್ಚಗಿನ ನೀರು, ಮರಿಯ ಗಲ್ಲದ ಕೆಳಗೆ ನಿಲ್ಲುವಷ್ಟು. ತಲೆ ಎತ್ತದೆಯೂ ಮೂಗು ನೀರಿನ ಮೇಲಿರಬೇಕು. ದಿನಕ್ಕೆ ಒಮ್ಮೆ, ಹದಿನೈದು ಇಪ್ಪತ್ತು ನಿಮಿಷ. ಅಷ್ಟು ಹೊತ್ತೂ ಪಕ್ಕದಲ್ಲೇ ಇರಿ. ನೀರು ತಣ್ಣಗಾದರೆ ಬದಲಿಸಿ. ನೀರಲ್ಲಿ ಕೂತಾಗ ಮರಿ ಕುಡಿಯುತ್ತದೆ, ಜೊತೆಗೆ ಮಲ ಮೂತ್ರವನ್ನೂ ಬಿಡುತ್ತದೆ. ಮೂತ್ರದ ಜೊತೆ ಸುಣ್ಣದಂಥ ಬಿಳಿ ಪದಾರ್ಥ ಬರುತ್ತದೆ. ಬೆರಳಲ್ಲಿ ಉಜ್ಜಿ ನೋಡಿ. ಮೆತ್ತಗಿದ್ದರೆ ಸರಿ. ಮರಳು ಮರಳಾಗಿದ್ದರೆ ಮೈ ಇನ್ನೂ ಒಣಗಿದೆ ಎಂದರ್ಥ. ನಮ್ಮ ಮರಿಯದು ಶುರುವಿನಲ್ಲಿ ಮರಳಾಗಿತ್ತು. ಕೆಲವು ದಿನಕ್ಕೆ ಮೆತ್ತಗಾಯಿತು. ಆಮೇಲೆ ಕೈ ತೊಳೆಯುವುದನ್ನು ಮರೆಯಬೇಡಿ. ಆಮೆಗಳ ಮೈಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಅವುಗಳಿಗೆ ಏನೂ ಆಗದಿದ್ದರೂ ಮಕ್ಕಳಿಗೆ ವಾಂತಿ ಭೇದಿ ತರುತ್ತದೆ.

ತೂಕವನ್ನು ದಿನಾ ಒಂದೇ ಹೊತ್ತಿಗೆ, ನೀರಿಗೆ ಬಿಡುವ ಮೊದಲು ನೋಡಬೇಕು. ಚಿನ್ನ ತೂಗುವಂಥ ಚಿಕ್ಕ ತಕ್ಕಡಿ ಬೇಕು, ಇಷ್ಟು ಪುಟ್ಟ ಪ್ರಾಣಿಗೆ ಅಡುಗೆಮನೆಯ ತಕ್ಕಡಿಯ ಲೆಕ್ಕ ಸಾಲದು. ಆಮೆಯ ಮುಖ ನೋಡಿ ಏನೂ ಗೊತ್ತಾಗುವುದಿಲ್ಲ. ತೂಕ ನಿಂತಿದೆಯೋ ಇಳಿಯುತ್ತಿದೆಯೋ ಅನ್ನುವುದರ ಮೇಲೆ ನಾನು ಮುಂದಿನ ಹೆಜ್ಜೆ ತೀರ್ಮಾನಿಸುತ್ತೇನೆ.

ಊಟಕ್ಕೆ ಬರೋಣ. ನಕ್ಷತ್ರ ಆಮೆ ಹುಲ್ಲು, ಸೊಪ್ಪು ತಿನ್ನುವ ಪ್ರಾಣಿ. ಹಾಲು, ಅನ್ನ, ಬ್ರೆಡ್, ನಾಯಿ ತಿಂಡಿ ಯಾವುದೂ ಆಗದು. ಸೌತೆಕಾಯಿಯಲ್ಲಿ ನೀರು ಬಿಟ್ಟರೆ ಹೆಚ್ಚೇನೂ ಇಲ್ಲ. ಪಾಲಕ್ ಸೊಪ್ಪನ್ನು ದಿನಾ ಹಾಕಬಾರದು, ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಮೈಗೆ ಸೇರದಂತೆ ತಡೆಯುತ್ತದೆ. ಗರಿಕೆ, ದಾಸವಾಳದ ಎಲೆ ಮತ್ತು ಹೂವು, ಹಿಪ್ಪುನೇರಳೆ ಸೊಪ್ಪು ಒಳ್ಳೆಯವು. ಹೂವನ್ನು ಮಾರುಕಟ್ಟೆಯಿಂದ ತರಬೇಡಿ, ಔಷಧಿ ಹೊಡೆದಿರುತ್ತಾರೆ. ಅಂಗಳದ ಗಿಡದ್ದಾಗಲಿ. ನನ್ನ ಸಹಾಯಕನ ಮನೆಯಲ್ಲಿ ರೇಷ್ಮೆ ಸಾಕುತ್ತಾರೆ. ಅವನು ಊರಿಗೆ ಹೋಗಿ ಬರುವಾಗ ಎಳೆಯ ಸೊಪ್ಪು ತರುತ್ತಿದ್ದ. ರೇಷ್ಮೆ ಹುಳುವಿಗೆ ಹಾಕುವ ಸೊಪ್ಪಿನಲ್ಲಿ ಔಷಧಿ ಉಳಿದಿದ್ದರೆ ಹುಳುವೇ ಸತ್ತುಹೋಗುತ್ತದೆ. ಹಾಗಾಗಿ ಆ ಸೊಪ್ಪಿನ ಬಗ್ಗೆ ನನಗೆ ಧೈರ್ಯ. ಮರಿ ಮೊದಲು ಬಾಯಿ ಹಾಕಿದ್ದು ಮಾತ್ರ ಕೆಂಪು ದಾಸವಾಳದ ಎಸಳಿಗೆ. ಒಂದು ಕಚ್ಚು ಕಚ್ಚಿ ಬಿಟ್ಟಿತು. ಮಾರನೇ ದಿನ ಇನ್ನಷ್ಟು. ಶಾಲೆ ಮುಗಿಸಿ ನೋಡಲು ಬಂದ ಮೊಮ್ಮಗ ಆ ಕಚ್ಚಿದ ಎಸಳನ್ನು ಬಹಳ ಹೊತ್ತು ನೋಡುತ್ತಾ ನಿಂತಿದ್ದ.

ಬಾಯಿ ಬಿಡಿಸಿ ಸಿರಿಂಜ್‌ನಲ್ಲಿ ತಿನ್ನಿಸಬೇಡಿ. ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇದೆ, ಆಹಾರ ಅಲ್ಲಿಗೆ ಹೋದರೆ ಕಷ್ಟ. ದವಡೆಯೂ ತೀರಾ ಮೆತ್ತಗಿರುತ್ತದೆ. ಅನಿವಾರ್ಯವಾದರೆ ನಾವು ಹೊಟ್ಟೆಗೆ ತೆಳುವಾದ ಕೊಳವೆ ಇಳಿಸಿ ಕೊಡುತ್ತೇವೆ, ಅದೂ ಬಿಸಿ ಮತ್ತು ನೀರು ಸರಿಹೋದ ಮೇಲೆ. ಇನ್ನೊಂದು ಮಾತು. ಆಗಷ್ಟೇ ಮೊಟ್ಟೆಯಿಂದ ಬಂದ ಮರಿ ಕೆಲವು ದಿನ ಏನೂ ತಿನ್ನದಿರುವುದು ಸಹಜ. ಮೊಟ್ಟೆಯ ಹಳದಿ ಇನ್ನೂ ಅದರ ಹೊಟ್ಟೆಯೊಳಗಿರುತ್ತದೆ, ಅದೇ ಊಟ. ಅಂಥ ಮರಿಯ ಚಿಪ್ಪು ಸ್ವಲ್ಪ ಮೆತ್ತಗಿರುವುದೂ ಸಹಜ. ತಿಂಗಳುಗಳಾದ ಮೇಲೂ ಮೆತ್ತಗಿದ್ದರೆ ಕ್ಯಾಲ್ಸಿಯಂ ಕೊರತೆ, ಬಿಸಿಲಿನ ಕೊರತೆ. ಗಾಜಿನ ಕಿಟಕಿಯಿಂದ ಬರುವ ಬಿಸಿಲು ಇದಕ್ಕೆ ಸಾಲದು, ಬೇಕಾದ ಕಿರಣವನ್ನು ಗಾಜು ತಡೆದುಬಿಡುತ್ತದೆ. ಬೆಳಗಿನ ಎಳೆಬಿಸಿಲಿಗೆ ಬಿಡಿ, ಅರ್ಧ ಜಾಗ ನೆರಳಿರಲಿ, ಕಾಗೆ ಬೆಕ್ಕುಗಳಿಂದ ಕಾಯಲು ಒಬ್ಬರು ಕೂತಿರಲಿ. ಗಾಜಿನ ತೊಟ್ಟಿಯ ಸಮೇತ ಬಿಸಿಲಿಗಿಟ್ಟರೆ ನಿಮಿಷಗಳಲ್ಲಿ ಸಾಯುತ್ತದೆ.

ವೃತ್ತಿಯವರಿಗೆ ಒಂದು ಎಚ್ಚರಿಕೆ. ನಾವು ದನ, ಕುರಿ, ನಾಯಿಗಳಿಗೆ ಕೈಗೆ ಸುಲಭವಾಗಿ ಎತ್ತಿಕೊಳ್ಳುವ ಐವರ್‌ಮೆಕ್ಟಿನ್ ಆಮೆಗೆ ವಿಷ. ಹುಳದ ಔಷಧಿ ಎಂದು ಅದನ್ನು ಹಾಕಿದರೆ ಪಾರ್ಶ್ವವಾಯು ಬಡಿದು ಸಾಯಬಹುದು. ವಿಟಮಿನ್ ಎ ಇಂಜೆಕ್ಷನ್ ಜಾಸ್ತಿಯಾದರೆ ಚರ್ಮ ಸುಲಿದುಬರುತ್ತದೆ. ಇಂಜೆಕ್ಷನ್ ಕೊಡಲೇಬೇಕಾದರೆ ಮುಂಗಾಲಿಗೆ ಕೊಡಿ. ಹಿಂಗಾಲಿಗೆ ಕೊಟ್ಟ ಔಷಧಿ ರಕ್ತದ ಜೊತೆ ನೇರವಾಗಿ ಮೂತ್ರಪಿಂಡಕ್ಕೆ ಹೋಗಬಹುದು. ಔಷಧಿ ಇದರ ಮೈಯಿಂದ ಹೊರಹೋಗುವುದೂ ನಿಧಾನ. ಕೆಲವು ಆಂಟಿಬಯಾಟಿಕ್‌ಗಳನ್ನು ಮೂರು ದಿನಕ್ಕೊಮ್ಮೆ ಕೊಟ್ಟರೆ ಸಾಕು. ನಾಯಿಯ ಲೆಕ್ಕವನ್ನು ತೂಕಕ್ಕೆ ತಕ್ಕಂತೆ ಇಳಿಸಿ ಕೊಡುವುದು ಅಪಾಯ. ಮನೆಯವರು ಎಷ್ಟೇ ಕೇಳಿದರೂ, ಮರಿ ಬೆಚ್ಚಗಾಗುವ ಮೊದಲು ನಾನು ಸೂಜಿ ಮುಟ್ಟುವುದು ಬಹಳ ಕಡಿಮೆ.

ಈಗ ಕಾನೂನಿನ ವಿಷಯ. ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವಂತಿಲ್ಲ, ಮಾರುವಂತಿಲ್ಲ, ಕೊಳ್ಳುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯಿಂದ ಅದು ಮೊದಲನೇ ಅನುಸೂಚಿಯಲ್ಲಿದೆ, ಹುಲಿ ಆನೆಗಳ ಸಾಲಿನಲ್ಲಿ. 2019ರಿಂದ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಅತ್ಯಂತ ಕಟ್ಟುನಿಟ್ಟಿನ ತಡೆ ಇದೆ. ಇದನ್ನು ಕೇಳಿ ಅಜ್ಜಿ ಹೆದರಿದರು. "ಹಂಗಾದ್ರೆ ಕುಕ್ಕರಹಳ್ಳಿ ಕೆರೆಗೆ ಬಿಟ್ಟುಬಿಡ್ಲಾ?" ಎಂದರು. ಎಷ್ಟೋ ಜನ ಹೀಗೇ ಯೋಚಿಸುತ್ತಾರೆ, ಕೆಲವರು ಶ್ರೀರಂಗಪಟ್ಟಣಕ್ಕೆ ಹೋಗಿ ಕಾವೇರಿಗೆ ಬಿಡುತ್ತೇವೆ ಎನ್ನುತ್ತಾರೆ. ನೆಲದ ಆಮೆ ಮರಿಯನ್ನು ಕೆರೆಗೋ ಹೊಳೆಗೋ ಬಿಟ್ಟರೆ ಮುಳುಗಿ ಸಾಯುತ್ತದೆ. ಅಂಗಡಿಯಲ್ಲಿ ಮಾರುವ ಕೆನ್ನೆಯಲ್ಲಿ ಕೆಂಪು ಗೆರೆಯ ನೀರಾಮೆಯನ್ನೂ ಕೆರೆಗೆ ಬಿಡಬಾರದು. ಅದು ಅಮೆರಿಕದ್ದು, ನಮ್ಮ ಕೆರೆಯ ಆಮೆಗಳ ಊಟ, ಜಾಗ ಎರಡನ್ನೂ ಕಿತ್ತುಕೊಳ್ಳುತ್ತದೆ.

ನಾನು ಚಿಕಿತ್ಸೆ ನಿರಾಕರಿಸುವುದಿಲ್ಲ. ಆದರೆ ಇಲಾಖೆಗೆ ತಿಳಿಸದೆಯೂ ಇರುವುದಿಲ್ಲ. ಇದನ್ನು ಮನೆಯವರಿಗೆ ಮೊದಲೇ ಹೇಳಿಬಿಡುತ್ತೇನೆ. ಅರಣ್ಯ ಇಲಾಖೆಯ ಸಹಾಯವಾಣಿ 1926. ಮೈಸೂರಿನ ಅರಣ್ಯ ಭವನ ಅಶೋಕಪುರಂನಲ್ಲಿದೆ. ಮೃಗಾಲಯದವರು ನಡೆಸುವ ಪುನರ್ವಸತಿ ಕೇಂದ್ರ ಕೂರ್ಗಳ್ಳಿಯಲ್ಲಿದೆ. ಅಜ್ಜಿ ನನ್ನ ಎದುರಿಗೇ ಫೋನ್ ಮಾಡಿ, ತಾವೇ ವಿವರ ಹೇಳಿದರು. ಮರಿ ತಾನಾಗಿ ತಿನ್ನಲು ಶುರುಮಾಡಿ, ತೂಕ ಏರತೊಡಗಿದ ಮೇಲೆ ಇಲಾಖೆಯವರು ಬಂದು ತೆಗೆದುಕೊಂಡು ಹೋದರು.

ನೀವು ಮರಿಯನ್ನು ಎಲ್ಲಿಗಾದರೂ ಒಯ್ಯಬೇಕಾದರೆ ನೀರಿನ ಡಬ್ಬಿಯಲ್ಲಿ ಒಯ್ಯಬೇಡಿ. ರಟ್ಟಿನ ಪೆಟ್ಟಿಗೆಗೆ ಗಾಳಿಗೆ ತೂತು ಮಾಡಿ, ಒಳಗೆ ಒಣ ಟವೆಲ್ ಹಾಸಿ. ಮಳೆ ಚಳಿಯ ದಿನವಾದರೆ ಬೆಚ್ಚಗಿನ ನೀರಿನ ಬಾಟಲಿಯೊಂದನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಒಂದು ಬದಿಗಿಡಿ, ಮರಿಗೆ ನೇರವಾಗಿ ತಾಕದಿರಲಿ. ಸ್ಕೂಟರ್‌ನಲ್ಲಿ ಬಂದರೆ ಪೆಟ್ಟಿಗೆ ಹಿಂದೆ ಕೂತವರ ಮಡಿಲಲ್ಲಿರಲಿ. ಬರುವಾಗ ಅದರ ಡಬ್ಬಿಯ ಫೋಟೊ, ಸಿಕ್ಕರೆ ಕೊನೆಯ ಸಲ ಹಾಕಿದ ಮಲವನ್ನು ಒಂದು ಕವರ್‌ನಲ್ಲಿ ತನ್ನಿ. ಹುಳ ಇದೆಯೇ ಎಂದು ನೋಡಲು ಅದು ಬೇಕಾಗುತ್ತದೆ.