ನೀರಿಗೆ ಮುಖ ಮಾಡಿದ ಮನೆ

ವೆನಿಸ್‌ನ ಅರಮನೆಯನ್ನು ಗಲ್ಲಿಯ ಕಡೆಯಿಂದ ನೋಡಿದರೆ ಅರ್ಧವೂ ಸಿಗುವುದಿಲ್ಲ. ಕಾ ವೆಂದ್ರಮಿನ್ ಕಲೆರ್ಜಿ ಎಂಬ ಅರಮನೆಯ ಬೀದಿ ಬಾಗಿಲ ಮುಂದೆ ನಾನು ನಿಂತಿದ್ದಾಗ ತಂಗಿ ಕೈ ಹಿಡಿದು ಎಳೆದಳು. "ಅಕ್ಕಾ, ಬಾ, ದೋಣಿ ಹತ್ತೋಣ. ಈ ಮನೆಯ ಮುಂಬಾಗಿಲು ನೀರಿನ ಕಡೆಗಿದೆ." ಸಾನ್ ಮಾರ್ಕುವೋಲಾ ನಿಲ್ದಾಣದಲ್ಲಿ ವಾಪೊರೆಟ್ಟೊ, ಅಂದರೆ ಊರಿನ ಸಾರ್ವಜನಿಕ ದೋಣಿ, ಹತ್ತಿದೆವು. ಅಲ್ಲಿಂದ ಹೊರಟ ಕೂಡಲೇ ಎಡಗಡೆ ಅದು ಪೂರ್ತಿ ತೆರೆದುಕೊಂಡಿತು.

ಎಷ್ಟು ಕಿಟಕಿಗಳು! ಮೇಲಿನ ಎರಡೂ ಅಂತಸ್ತುಗಳಲ್ಲಿ ಐದೈದು ದೊಡ್ಡ ಕಿಟಕಿ. ಒಂದೊಂದರಲ್ಲೂ ಜೋಡಿ ಕಮಾನು, ಅವುಗಳ ನೆತ್ತಿಯ ಮೇಲೆ ಒಂದು ದುಂಡು ಕಿಂಡಿ, ಎಲ್ಲವನ್ನೂ ಸೇರಿಸಿ ಹಿಡಿದ ಇನ್ನೊಂದು ದೊಡ್ಡ ಕಮಾನು. ನಡುವಿನ ಮೂರು ಕಿಟಕಿಗಳು ಹತ್ತಿರ ಹತ್ತಿರ ಇವೆ. ಅವುಗಳ ಹಿಂದೆ ಮನೆಯ ಉದ್ದಕ್ಕೂ ಹೋಗುವ ದೊಡ್ಡ ಹಜಾರವಿದೆ. ಅದನ್ನು ಇಲ್ಲಿ ಪೋರ್ತೆಗೊ ಅನ್ನುತ್ತಾರೆ. ಒಳಗಿನ ಲೆಕ್ಕಾಚಾರ ಹೊರಗಿನಿಂದಲೇ ಓದಲು ಬರುತ್ತದೆ. ನನಗೆ ತುಂಬಾ ಇಷ್ಟವಾದದ್ದು ಇದೇ.

ಆಂದ್ರೇಯಾ ಲೊರೆದಾನ್ ಎಂಬ ಶ್ರೀಮಂತ ಕಟ್ಟಿಸಿದ ಮನೆಯಿದು. ವಿನ್ಯಾಸ ಮೌರೊ ಕೊದುಸ್ಸಿಯದು. ಅವನು 1504ರಲ್ಲಿ ತೀರಿಕೊಂಡ. ಉಳಿದ ಕೆಲಸವನ್ನು ಲೊಂಬಾರ್ದೊ ಮನೆತನದ ಶಿಲ್ಪಿಗಳು 1509ರ ಹೊತ್ತಿಗೆ ಮುಗಿಸಿದರು. ದೋಣಿಯಲ್ಲಿ ಇನ್ನೊಂದು ನಿಲ್ದಾಣ ದಾಟಿದರೆ ಕಾ ದೋರೊ ಎಂಬ ಅರಮನೆ ಬರುತ್ತದೆ. ಅದು ಇದಕ್ಕಿಂತ ಐವತ್ತು ವರ್ಷಕ್ಕೂ ಹೆಚ್ಚು ಹಳೆಯದು, ಗೋಥಿಕ್ ಶೈಲಿ: ಚೂಪು ಕಮಾನು, ಕಲ್ಲಿನ ಜಾಲರಿ. ಅದು ಚೆಂದವೇ. ಆದರೆ ಕೊದುಸ್ಸಿ ಆ ಜಾಲರಿ ಬಿಟ್ಟು ರೋಮನ್ನರ ಕಂಬ, ದುಂಡು ಕಮಾನುಗಳನ್ನು ತಂದ. ಹಾಗಂತ ವೆನಿಸ್‌ನ ಅಭ್ಯಾಸವನ್ನು ಬಿಡಲಿಲ್ಲ. ಅದೇ ಕಾಲದ ಫ್ಲಾರೆನ್ಸ್ ಅರಮನೆಗಳು ಒರಟು ಕಲ್ಲಿನ ಕೋಟೆಗಳ ಹಾಗಿವೆ. ಇಲ್ಲಿ ಸುತ್ತಲಿನ ಹಿನ್ನೀರೇ ಕೋಟೆ. ಗೋಡೆ ದಪ್ಪ ಇರಬೇಕಾಗಿರಲಿಲ್ಲ, ಕಿಟಕಿ ಎಷ್ಟು ಬೇಕಾದರೂ ಬಿಡಬಹುದಿತ್ತು.

ಭಾರ ಕಡಿಮೆ ಇರುವುದೂ ಮುಖ್ಯ. ಈ ಊರು ನಿಂತಿರುವುದು ಕೆಸರಿನಲ್ಲಿ ಹೊಡೆದ ಮರದ ಗೂಟಗಳ ಮೇಲೆ. ನೀರಿನಡಿಯ ಕೆಸರಿಗೆ ಗಾಳಿ ತಾಕದೆ ಮರ ಬೇಗ ಕೊಳೆಯುವುದಿಲ್ಲ. ಅದರ ಮೇಲೆ ಸಮುದ್ರದಾಚೆಯ ಇಸ್ತ್ರಿಯಾ ಪ್ರದೇಶದ ಬಿಳಿ ಕಲ್ಲು. ಉಪ್ಪುನೀರನ್ನು ಅದು ಸುಲಭವಾಗಿ ಹೀರುವುದಿಲ್ಲ. ಅದರ ಮೇಲಿನ ಇಟ್ಟಿಗೆಗೆ ಉಪ್ಪು ಹತ್ತಿದರೆ ಗೋಡೆ ಪುಡಿಯಾಗುತ್ತಾ ಹೋಗುತ್ತದೆ. ಈಗ ನೀರಿನ ಮಟ್ಟ ಏರುತ್ತಿದೆ, ಮೋಟರ್ ದೋಣಿಗಳ ಅಲೆ ಬೇರೆ. ನಾವು ಕೂತಿದ್ದ ದೋಣಿಯ ಅಲೆಯೂ ಹೋಗಿ ಆ ಮೆಟ್ಟಿಲುಗಳಿಗೆ ಬಡಿಯುತ್ತಿತ್ತು. ನೋಡಿ ಸಂಕಟವಾಯಿತು.

ನೀರಿಗೆ ಹತ್ತಿರ, ಗೋಡೆಯ ಕೆಳಭಾಗದಲ್ಲಿ ಲ್ಯಾಟಿನ್ ಅಕ್ಷರಗಳಿವೆ: 'ನೋನ್ ನೋಬಿಸ್ ದೋಮಿನೆ.' ಬೈಬಲ್‌ನ ಕೀರ್ತನೆಯ ಸಾಲು, 'ನಮಗಲ್ಲ ಸ್ವಾಮಿ' ಅಂತ. ಅಷ್ಟು ಹಣ ಸುರಿದು ಕಟ್ಟಿಸಿದವನು ಹೀಗೆ ಬರೆಸಿದ್ದು ನನಗೆ ಬರಿ ತೋರಿಕೆ ಅನ್ನಿಸಲಿಲ್ಲ. ಆ ಹಣದ ಬೇರು ನಮ್ಮ ಕಡೆಗೂ ಬರುತ್ತದೆ. ಪಶ್ಚಿಮ ಕರಾವಳಿಯ ಕಾಳುಮೆಣಸು ಅಲೆಕ್ಸಾಂಡ್ರಿಯಾದ ಮೂಲಕ ವೆನಿಸ್ ಸೇರಿ ಈ ಊರಿನ ವ್ಯಾಪಾರಿಗಳನ್ನು ಬೆಳೆಸಿತ್ತು. ಈ ಮನೆ ಮೇಲೇಳುತ್ತಿದ್ದ ವರ್ಷಗಳಲ್ಲೇ, 1498ರಲ್ಲಿ, ವಾಸ್ಕೋ ಡ ಗಾಮಾ ಕಲ್ಲಿಕೋಟೆ ಹತ್ತಿರ ಬಂದಿಳಿದ. ಸುದ್ದಿ ತಲುಪಿದಾಗ ಇಲ್ಲಿನವರಿಗೆ ಎಷ್ಟು ದಿಗಿಲಾಗಿರಬೇಕು, ಅಲ್ವಾ?

ಮುಂದೆ ಮನೆ ಕೈಯಿಂದ ಕೈಗೆ ಹೋಯಿತು. ಕಲೆರ್ಜಿ, ಆಮೇಲೆ ವೆಂದ್ರಮಿನ್ ಮನೆತನ, 1844ರಲ್ಲಿ ಫ್ರಾನ್ಸಿನ ಬೆರಿಯ ಡಚೆಸ್. ಇಲ್ಲಿ ಬಾಡಿಗೆಗಿದ್ದ ಸಂಗೀತಗಾರ ರಿಚರ್ಡ್ ವಾಗ್ನರ್ 1883ರ ಫೆಬ್ರವರಿ 13ರಂದು ಇಲ್ಲೇ ಕೊನೆಯುಸಿರೆಳೆದ. ಅವನ ದೇಹವನ್ನು ಗೊಂಡೋಲಾದಲ್ಲಿ ರೈಲು ನಿಲ್ದಾಣಕ್ಕೆ ಒಯ್ದರು. 1946ರಲ್ಲಿ ಮನೆಯನ್ನು ನಗರಾಡಳಿತ ಕೊಂಡಿತು. ಈಗ ಒಳಗೆ ಕ್ಯಾಸಿನೊ, ವಾಗ್ನರ್ ಇದ್ದ ಕೋಣೆಗಳಲ್ಲಿ ಚಿಕ್ಕ ಸಂಗ್ರಹಾಲಯ. ಜೂಜಿನ ಮೇಜುಗಳ ಬದಲು ಇಡೀ ಮನೆ ನೋಡುವವರಿಗೆ ತೆರೆದಿದ್ದರೆ ಚೆನ್ನಾಗಿತ್ತು ಅಂತ ನನ್ನ ಆಸೆ.

ನೀವು ಹೋದರೆ ರೈಲು ನಿಲ್ದಾಣದಿಂದ ಲೈನ್ 1ರ ವಾಪೊರೆಟ್ಟೊ ಹತ್ತಿ. ಅದು ನಿಧಾನವಾಗಿ ಹೋಗುತ್ತದೆ. ದೋಣಿಯ ಎಡಬದಿಯಲ್ಲಿ ನಿಂತುಕೊಳ್ಳಿ, ಸಾನ್ ಮಾರ್ಕುವೋಲಾ ದಾಟಿದ ಮೇಲೆ ಫೋನ್ ಒಳಗಿಟ್ಟು ಸುಮ್ನೆ ನೋಡಿ.