ಗೋವಾದಲ್ಲಿ ಕೊಂಡ ಚೀಲ ಗದಗ ಜಿಲ್ಲೆಯದು

ಅಂಜುನಾದ ಬುಧವಾರದ ಸಂತೆಯಲ್ಲಿ ನನ್ನ ಹೆಂಡತಿ ಕನ್ನಡಿ ಕೆಲಸದ ಒಂದು ಚೀಲ ಹಿಡಿದುಕೊಂಡು ಹರಕು ಮುರುಕು ಹಿಂದಿಯಲ್ಲಿ ಚೌಕಾಸಿ ಮಾಡುತ್ತಿದ್ದಳು. ಮಾರುವ ಹೆಂಗಸು 900 ರೂಪಾಯಿ ಹೇಳಿದ್ದರು. ಇವಳು ನನ್ನ ಕಡೆ ತಿರುಗಿ, "ಭಾಳ ಆತು, ನಡೀರಿ" ಅಂದಳು. ಅಷ್ಟು ಕೇಳಿದ್ದೇ ತಡ, "ಅಯ್ಯ, ನಮ್ಮ ಕಡೆಯವರೇನ್ರೀ ಅಕ್ಕಾರ? ಕುಂದರ್ರಿ" ಅಂತ ಆ ಹೆಂಗಸು ಸ್ಟೂಲ್ ಎಳೆದು ಹಾಕಿದರು. ಲಕ್ಷ್ಮೇಶ್ವರದ ಹತ್ತಿರದ ತಾಂಡಾದವರು. ಸೀಸನ್ ಪೂರ್ತಿ ಇಲ್ಲೇ ಇದ್ದು, ಮಳೆ ಶುರುವಾದರೆ ಊರಿಗೆ ಹೋಗುತ್ತಾರಂತೆ. ಚೀಲ 350ಕ್ಕೆ ಬಂತು. ಹೊಲಿದದ್ದು ಅವರ ನಾದಿನಿ, ತಾಂಡಾದಲ್ಲೇ ಕೂತು. ಅಂದರೆ ಗದಗ ಜಿಲ್ಲೆಯ ಚೀಲ ಕೊಳ್ಳೋಕೆ ನಾವು ಹುಬ್ಬಳ್ಳಿಯಿಂದ ಘಟ್ಟ ಇಳಿದು ಹೋಗಿದ್ದೆವು!

"ಹಂಗಾರ ಇಲ್ಲಿ ಗೋವಾದ್ದು ಏನೈತ್ರಿ?" ಅಂತ ಕೇಳಿದೆ. "ಸಮುದ್ರ ಐತಲ್ರೀ ಅಣ್ಣಾರ" ಅಂತ ನಕ್ಕರು.

ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಲಂಬಾಣಿ ಕಸೂತಿ ಚಂದದ ಕೆಲಸ, ಮಾಡಿದವರ ಕೈಗೇ ದುಡ್ಡು ಹೋಯಿತು. ಆದರೆ ಗೋವಾಕ್ಕೆ ಹೋಗಿ ಬಂದ ನೆನಪಿಗೆ ಅಂತ ಏನಾದರೂ ತರಬೇಕೆಂದರೆ ಬೀಚಿನ ಸಾಲಂಗಡಿ ಸರಿಯಾದ ಜಾಗ ಅಲ್ಲ. ಅಲ್ಲಿ ಕಾಶ್ಮೀರದ ಶಾಲು, ರಾಜಸ್ಥಾನದ ಚಾದರ, ಟಿಬೆಟಿಯನ್ನರ ಮಣಿಸರ ಎಲ್ಲ ಇರುತ್ತೆ. ಗೋವಾದ್ದು ಅನ್ನೋದು ಟೀ ಶರ್ಟಿನ ಮೇಲಿನ ಅಕ್ಷರ ಮಾತ್ರ. ನೋಡೋಕೆ ಹೋಗಿ, ಮಜಾ ಇದೆ. ಆದರೆ ಮಳೆಗಾಲದಲ್ಲಿ ಹೋದರೆ ಈ ಸಂತೆಯೇ ಇರುವುದಿಲ್ಲ, ನೆನಪಿಡಿ. ಇನ್ನೊಂದು, ಮೊದಲ ಮಾತೇ ಕನ್ನಡದಲ್ಲಿ ಆಡಿ. ಕಲಂಗುಟ್‌ನಿಂದ ಅಂಜುನಾ ತನಕ ಅರ್ಥವಾಗುವವರು ಜಾಸ್ತಿ ಇದ್ದಾರೆ.

ನಿಜವಾದ ಗೋವಾ ಸಿಗೋದು ಮಾಪ್ಸಾದ ಶುಕ್ರವಾರದ ಸಂತೆಯಲ್ಲಿ. ಪಣಜಿಯಿಂದ ಸುಮಾರು 13 ಕಿಲೋಮೀಟರ್. ವಾಸ್ಕೋದಲ್ಲಿ ಇಪ್ಪತ್ತು ವರ್ಷದಿಂದ ಇರುವ ನಮ್ಮ ಅಕ್ಕ ಕೊಂಕಣಿಯಲ್ಲಿ ಜಗಳ ಆಡುವಷ್ಟು ಪಳಗಿದ್ದಾಳೆ. ಅವಳನ್ನೇ ಮುಂದೆ ಬಿಟ್ಟು ನಾವು ಹಿಂದೆ ಚೀಲ ಹಿಡಿದು ನಡೆದೆವು. ಬೆಳಿಗ್ಗೆ ಎಂಟೂವರೆಗೆ ಹೋಗಿದ್ದಕ್ಕೆ ಬಿಸಿಲಿಗೆ ಮುಂಚೆ ಮುಗಿಯಿತು.

ತೆಂಗಿನ ಕಳ್ಳಿನಿಂದ ಮಾಡಿದ ಕಪ್ಪು ಬೆಲ್ಲ ಇಲ್ಲಿ ಸಣ್ಣ ಗೋಪುರದ ಆಕಾರದಲ್ಲಿ ಸಿಗುತ್ತೆ. ಸ್ವಲ್ಪ ಉಪ್ಪುಪ್ಪು, ಸ್ವಲ್ಪ ಹೊಗೆ ವಾಸನೆ. ನಮ್ಮ ಕಬ್ಬಿನ ಬೆಲ್ಲದ ರುಚಿಯೇ ಅಲ್ಲ. ಕಾರಿನ ಸೆಕೆಗೆ ಕರಗಿ ಅಂಟುತ್ತೆ, ಸ್ಟೀಲ್ ಡಬ್ಬಿ ಒಯ್ಯಿರಿ. ಹರ್ಮಲ್ ಮೆಣಸಿನಕಾಯಿ ಪೆಡ್ನೆ ತಾಲೂಕಿನದು, ಜಿಐ ಗುರುತು, ಅಂದರೆ ಇಂಥ ಊರಿನದೇ ವಿಶೇಷ ಅನ್ನೋ ಸರ್ಕಾರಿ ಗುರುತು, ಸಿಕ್ಕಿದೆ. ನಾನು ಬ್ಯಾಡಗಿ ಪಕ್ಷದವನು, ಆದರೂ ಕಾಲು ಕಿಲೋ ತಂದೆ. ಒಣಗಿಸಿದ ಮುರುಗಲು ಸಿಪ್ಪೆಯೂ ರಾಶಿ ರಾಶಿ ಇತ್ತು. ಶಿರಸಿಯಲ್ಲಿ ಸಿಗುತ್ತೆ ಅಂತ ಹೆಂಡತಿ ಕೈ ಬಿಡಿಸಿದಳು. ಡಿಚೋಲಿ ಕಡೆಯ ಮಣ್ಣಿನ ಪಾತ್ರೆ ಎರಡು ತಂದೆವು, ಹಳೆ ಬೆಡ್‌ಶೀಟಿನಲ್ಲಿ ಸುತ್ತಿದ್ದಕ್ಕೆ ಘಟ್ಟದ ರಸ್ತೆಯಲ್ಲೂ ಉಳಿದವು.

ಸಿಹಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಬೆಬಿಂಕಾ ಅನ್ನೋದು ಪದರು ಪದರಾಗಿ ಬೇಯಿಸುವ ಸಿಹಿ, ತೆಂಗಿನ ಹಾಲು, ತುಪ್ಪ, ಜಾಯಿಕಾಯಿ ಎಲ್ಲ ಇರುತ್ತೆ. ನೋಡಿದರೆ ನಮ್ಮ ಬರ್ಫಿಯ ಅಕ್ಕ ಅನ್ನಬೇಕು. ಮೊಟ್ಟೆಯ ಹಳದಿಯೂ ಧಾರಾಳವಾಗಿ ಇರುತ್ತೆ ಅನ್ನೋದು ನನಗೆ ಗೊತ್ತಿರಲಿಲ್ಲ. ಅವ್ವನಿಗೆ ಅಂತ ಎರಡು ಡಬ್ಬಿ ಕಟ್ಟಿಸುತ್ತಿದ್ದೆ, ಅಕ್ಕ ಬಂದು ತಡೆದಳು. ಮನೆಯಲ್ಲಿ ಮೊಟ್ಟೆ ತಿನ್ನದವರಿದ್ದರೆ ದೋದೋಲ್ ಕೇಳಿ. ಅಕ್ಕಿಹಿಟ್ಟು, ತೆಂಗಿನ ಹಾಲು, ಆ ಕಪ್ಪು ಬೆಲ್ಲ, ಅಷ್ಟೇ. ಜಾತ್ರೆಯಲ್ಲಿ ಮಾರುವ ಖಾಜೆಯೂ ಆಗುತ್ತೆ. ಕಡಲೆಹಿಟ್ಟಿನ ಕಡ್ಡಿಗೆ ಬೆಲ್ಲ, ಶುಂಠಿ ಹಿಡಿಸಿರುತ್ತಾರೆ.

ಇನ್ನು ಗೋಡಂಬಿ. ಎಲ್ಲರೂ ತರುವುದು ಅದನ್ನೇ, ಎಲ್ಲರೂ ಮೋಸ ಹೋಗುವುದೂ ಅಲ್ಲೇ. ಹೋದ ಸಲ ಬೀಚ್ ರಸ್ತೆಯ ಒಂದು ಅಂಗಡಿಯಲ್ಲಿ ಬಣ್ಣದ ಡಬ್ಬಿ ನೋಡಿ ಒಂದು ಕಿಲೋ ತಂದಿದ್ದೆ. ಮೇಲೆ ಇಡೀ ಬೀಜ, ಕೆಳಗೆ ಚೂರು, ಬಾಯಿಗೆ ಹಾಕಿದರೆ ಮೆತ್ತಗೆ. ಈ ಸಲ ಭಾವ ಲೆಕ್ಕ ಹೇಳಿಕೊಟ್ಟರು. ಡಬ್ಬಿಯ ಮೇಲಿನ ಡಬ್ಲ್ಯೂ 180, 240, 320 ಅನ್ನೋದು ಒಂದು ಪೌಂಡಿಗೆ, ಅಂದರೆ 454 ಗ್ರಾಮಿಗೆ, ಎಷ್ಟು ಬೀಜ ಅನ್ನೋ ಲೆಕ್ಕ. ಸಂಖ್ಯೆ ಕಡಿಮೆ ಆದಷ್ಟೂ ಬೀಜ ದೊಡ್ಡದು. 100 ಗ್ರಾಂ ತೂಗಿಸಿ ಎಣಿಸಿದರೆ 180ರಲ್ಲಿ ಸುಮಾರು 40 ಬೀಜ ಬರಬೇಕು, 320ರಲ್ಲಿ 70. ಎಪ್ಪತ್ತು ಬೀಜ ತೂಗಿ 180ರ ರೇಟು ಹಾಕಿದರೆ ಎದ್ದು ಬನ್ನಿ. ದಪ್ಪ ಬೀಜವೆಲ್ಲ ಗೋವಾದ್ದೇ ಅಂತಲೂ ಅಲ್ಲ. ಆಫ್ರಿಕಾದಿಂದ ಬಂದ ಬೀಜವೂ ಇಲ್ಲಿಯ ಕಾರ್ಖಾನೆಗಳಲ್ಲಿ ಸುಲಿದು ಮಾರಾಟವಾಗುತ್ತೆ. ಗೋವಾದ ಗೋಡಂಬಿಗೆ 2023ರಲ್ಲಿ ಜಿಐ ಸಿಕ್ಕಿದೆ, ಆ ಗುರುತು ಇದೆಯಾ ಕೇಳಿ. ನಾವು ಮಾಪ್ಸಾದಲ್ಲಿ ಸಿಪ್ಪೆ ಸಮೇತ ಹುರಿದದ್ದನ್ನು ತಂದೆವು. ಅಂಗಡಿಯವರು ತಿನ್ನೋಕೆ ಕೊಟ್ಟರು, ಕಟುಂ ಅಂದಿತು. ತಿನ್ನೋಕೆ ಕೊಡದವರ ಹತ್ತಿರ ತಗೋಬೇಡಿ.

ಫೆನಿ ಬೇಕೆಂದವರಿಗೆ ಎರಡು ಮಾತು. ಗೇರುಹಣ್ಣಿನ ರಸದಿಂದ ಇಳಿಸುವ ಈ ಮದ್ಯಕ್ಕೆ 2009ರಲ್ಲೇ ಜಿಐ ಬಂದಿದೆ. ಆದರೆ ಗೋವಾದ ಬಾಟಲಿಗಳ ಮೇಲೆ ಗೋವಾದಲ್ಲಿ ಮಾತ್ರ ಮಾರಾಟಕ್ಕೆ ಅಂತ ಬರೆದಿರುತ್ತೆ, ನಮ್ಮ ಗಡಿಯಲ್ಲಿ ಅಬಕಾರಿಯವರು ಡಿಕ್ಕಿ ತೆಗೆಸಿ ನೋಡುತ್ತಾರೆ. ಅನ್‌ಮೋಡ್‌ನಲ್ಲಿ ನಮ್ಮದನ್ನೂ ತೆಗೆಸಿದರು. ಬೆಡ್‌ಶೀಟ್ ಬಿಚ್ಚಿ ಮಣ್ಣಿನ ಮಡಕೆ ನೋಡಿ ಅವರಿಗೇ ನಗು ಬಂತು. ಪರವಾನಗಿ ಇಲ್ಲದೆ ತರುವ ಸಾಹಸ ಬೇಡ, ಅಲ್ಲೇ ರುಚಿ ನೋಡಿ ಬನ್ನಿ.

ಈ ಪ್ರವಾಸದಲ್ಲಿ ನನಗೆ ಅತಿ ಇಷ್ಟವಾದದ್ದು ಪಣಜಿಯ ಅಜುಲೇಜು. ಬಿಳಿ ಟೈಲ್ಸಿನ ಮೇಲೆ ನೀಲಿ ಬಣ್ಣದಲ್ಲಿ ಕೈಯಿಂದ ಬರೆದು ಸುಡುವ ಪೋರ್ಚುಗೀಸರ ಕಾಲದ ಕಲೆ. ಫೊಂಟೇನ್ಹಾಸ್ ಓಣಿಗಳಲ್ಲಿ ಮನೆಯ ಹೆಸರು, ನಂಬರು ಎಲ್ಲ ಇದರಲ್ಲೇ ಇವೆ. ಕೊಳ್ಳುವ ಮುಂಚೆ ಮೆನೆಜಿಸ್ ಬ್ರಗಾಂಝಾ ಸಂಸ್ಥೆಯ ಬಾಗಿಲ ಹಜಾರದಲ್ಲಿರುವ ದೊಡ್ಡ ಟೈಲ್ಸ್ ಚಿತ್ರಗಳನ್ನು ನೋಡಿ ಬನ್ನಿ. ಕೈಯಿಂದ ಬರೆದದ್ದು ಹೇಗಿರುತ್ತೆ ಅಂತ ಕಣ್ಣಿಗೆ ಗೊತ್ತಾದರೆ ಪ್ರಿಂಟ್ ಮಾಡಿದ್ದು ತಾನೇ ಬೇರೆಯಾಗಿ ಕಾಣುತ್ತೆ. ಮ್ಯಾಗ್ನೆಟ್, ಕಪ್ಪು ಸಾಕು ಅನ್ನುವವರು ಮಾರಿಯೋ ಮಿರಾಂಡಾ ಅವರ ಕಾರ್ಟೂನ್ ಇರುವುದನ್ನು ತಗೊಳ್ಳಿ. ಗೋವಾದ ಊರು, ಚರ್ಚು, ನಾಯಿ, ಜಗಳಗಂಟ ಹೆಂಗಸರು ಎಲ್ಲ ಅದರಲ್ಲಿದ್ದಾರೆ.

ನಾವು ಮನೆಗೆ ಹೆಸರಿನ ಫಲಕ ಬರೆಸಿದೆವು, ಕನ್ನಡದಲ್ಲಿ. "ನೆರಳು" ಅಂತ ಮೂರೇ ಅಕ್ಷರ. ಬರೆಯುವ ಹುಡುಗನಿಗೆ ಕನ್ನಡ ಬಾರದು, ನಾನು ಕಾಗದದ ಮೇಲೆ ದೊಡ್ಡದಾಗಿ ಬರೆದುಕೊಟ್ಟೆ. ಸುಡೋಕೆ, ಕಳಿಸೋಕೆ ದಿನ ಹಿಡಿಯುತ್ತೆ, ಹಾಗಾಗಿ ಹೋದ ಮೊದಲ ದಿನವೇ ಆರ್ಡರ್ ಕೊಡಿ. ಭಟ್ಟಿಗೆ ಇಡುವ ಮುಂಚೆ ಫೋಟೋ ಕಳಿಸು ಅಂತಲೂ ಹೇಳಿ. ನಮಗೆ ಫೋಟೋ ಬಂದಾಗ ಕೊನೆಯ ಅಕ್ಷರಕ್ಕೆ ಕೊಂಬೇ ಇರಲಿಲ್ಲ. ಫೋನ್ ಮಾಡಿ, "ಬಾಲ ಬಿಟ್ಟಿದ್ದೀಯಪ್ಪ" ಅಂತ ಹಿಂದಿಯಲ್ಲಿ ಹೇಗೋ ತಿಳಿಸಿದೆ. ಸುಟ್ಟಿರದ ಬಣ್ಣ, ಒರೆಸಿ ಮತ್ತೆ ಬರೆದ. ಹನ್ನೆರಡು ದಿನಕ್ಕೆ ಕೊರಿಯರ್ ಬಂತು. ಕೊಂಬು ಈಗ ಇದೆ, ಸ್ವಲ್ಪ ಜಾಸ್ತಿಯೇ ಉದ್ದವಾಗಿ, ಸುತ್ತಲಿನ ಹೂಬಳ್ಳಿಯ ತನಕ.